ಮಣ್ಣಿಗೂ ಹೆಪ್ಪು ಬೇಕು



ರಾತ್ರಿ ಹಾಲು ಕಾಯಿಸಿ ಇಡ್ತೀರಿ. ಆರಿದ ಮೇಲೆ ಒಂದು ಚಮಚ ಮೊಸರು ಹಾಕ್ತೀರಿ. ಬೆಳಗ್ಗೆ ನೋಡಿದರೆ ಪಾತ್ರೆ ತುಂಬ ಮೊಸರು. ಆ ಒಂದು ಚಮಚಕ್ಕೆ ನಾವು ಹೆಪ್ಪು ಅಂತೀವಿ. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇವೆ. ಅವು ರಾತ್ರಿಯೆಲ್ಲ ಬೆಳೆದು ಹಾಲನ್ನು ಮೊಸರು ಮಾಡುತ್ತವೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ? ಜೀವಿಗಳು ಸಾಯುತ್ತವೆ. ಹಾಲು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಇದು ನಿಮಗೆಲ್ಲ ಗೊತ್ತು.

ಮಣ್ಣಿಗೂ ಇಂಥ ಹೆಪ್ಪು ಇದೆ. ಅದರ ಹೆಸರು ಜೈವಿಕ ಗೊಬ್ಬರ. ನಮ್ಮ ಕೊಯಮತ್ತೂರು, ತಿರುಪ್ಪೂರು ಕಡೆ ಅಂಗಡಿಯಲ್ಲಿ ತಮಿಳಿನಲ್ಲಿ 'ಉಯಿರ್ ಉರಂ' ಅಂತ ಕೇಳಬೇಕು. ಉಯಿರ್ ಅಂದರೆ ಜೀವ. ಉರಂ ಅಂದರೆ ಗೊಬ್ಬರ. ಹೆಸರಲ್ಲೇ ಎಲ್ಲ ಇದೆ. ಇದು ಜೀವ ಇರುವ ಗೊಬ್ಬರ. ಈ ಒಂದು ಮಾತು ಮರೆತದ್ದಕ್ಕೆ ನಮ್ಮ ಕಲಿಕೆ ಕೇಂದ್ರದ ಅಕ್ಕಂದಿರು ಒಂದು ಸಲ ನಷ್ಟ ಪಟ್ಟರು. ಆ ಕಥೆ ಮೊದಲು ಹೇಳ್ತೀನಿ.

30 ಪಾಕೆಟ್ ಕಥೆ

ನಮ್ಮ ಕೇಂದ್ರಕ್ಕೆ ಬರುವವರಲ್ಲಿ ನೇಯ್ಗೆ ಮನೆಯವರು ಹೆಚ್ಚು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಮಗ್ಗದ ಕೆಲಸ ಕಡಿಮೆ ಆದಾಗ ಹತ್ತು ಜನ ಅಕ್ಕಂದಿರು ಸೇರಿ ಸಸಿ ಬೆಳೆಸಿ ಮಾರೋಣ ಅಂತ ಹೊರಟರು. ಸಂಘದಿಂದ ಸಾಲ ತೆಗೆದರು. ಅದು 2023ರ ಜೂನ್ ತಿಂಗಳು. 600 ಚೀಲಗಳಲ್ಲಿ ಹೊಂಗೆ, ಬೇವು, ಸವುಕ್ಕು ಸಸಿ ಇಟ್ಟರು.

ಯಾರೋ ಹೇಳಿದರು, "ಉಯಿರ್ ಉರಂ ಹಾಕಿ, ಗಿಡ ಚೆನ್ನಾಗಿ ಬರ್ತದೆ." ಒಂದು ಅಂಗಡಿಯಲ್ಲಿ 30 ಪಾಕೆಟ್ ಅಗ್ಗಕ್ಕೆ ಸಿಕ್ಕಿತು. ತಂದು ತಗಡಿನ ಶೆಡ್ಡಿನಲ್ಲಿ ಇಟ್ಟರು. ಒಂದು ವಾರ ಬಿಸಿಲು. ಶೆಡ್ಡು ಒಲೆಯ ಹಾಗೆ ಕಾಯ್ದಿತ್ತು. ಆಮೇಲೆ ಆ ಪುಡಿಯನ್ನು ಯೂರಿಯಾ ಜೊತೆ ಕಲಸಿ ಗಿಡಕ್ಕೆ ಹಾಕಿದರು. "ಎರಡೂ ಗೊಬ್ಬರ ತಾನೇ, ಒಟ್ಟಿಗೆ ಹಾಕಿದರೆ ಕೆಲಸ ಬೇಗ ಮುಗೀತದೆ" ಅಂದುಕೊಂಡರು.

ಎರಡು ತಿಂಗಳಾಯಿತು. ಪಾಕೆಟ್ ಪುಡಿಯಿಂದ ಏನೂ ಗುಣ ಕಾಣಲಿಲ್ಲ. ಸವುಕ್ಕು ಸಸಿ ಹಳದಿ ತಿರುಗಿ ಕುಳ್ಳಗೆ ನಿಂತವು. ಕೊಳ್ಳಲು ಬಂದವರು ನೋಡಿ ಹೊರಟುಹೋದರು. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಕಟ್ಟಬೇಕು.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ನಾನು ತರಗತಿಯಲ್ಲಿ ತಾರೀಖು ಓದುವ ಪಾಠ ಮಾಡಿದೆ. "ಮನೆಯಿಂದ ತಾರೀಖು ಇರುವ ಯಾವುದಾದರೂ ಕಾಗದ ತನ್ನಿ" ಅಂದೆ. ಒಬ್ಬರು ಕರೆಂಟ್ ಬಿಲ್ಲು ತಂದರು. ಒಬ್ಬರು ಮಾತ್ರೆ ಪಟ್ಟಿ ತಂದರು. ಒಬ್ಬ ಅಕ್ಕ ಗುಂಡಿ, ಸೂಜಿ ಹಾಕಿಡುತ್ತಿದ್ದ ಖಾಲಿ ಕವರು ತಂದರು. ಅದು ಆ ಗೊಬ್ಬರದ ಕವರು!

ಅಕ್ಕ ಬೆರಳಿಟ್ಟು ಓದಿದರು. "ತಯಾರಾದದ್ದು 08/2022. ಮುಗಿಯುವುದು 02/2023."

ಓದಿ ಸುಮ್ಮನೆ ಕೂತರು. ಆಮೇಲೆ ಕೇಳಿದರು, "ಟೀಚರ್, ನಾವು ತಂದಿದ್ದು ಜೂನ್‌ನಲ್ಲಿ. ಅಂದರೆ ತರುವಾಗಲೇ ನಾಲ್ಕು ತಿಂಗಳು ಹಳೇದಾ?"

ಹೌದು. ಹಳೆಯದು ತಂದರು. ಅದನ್ನು ಬಿಸಿಲಲ್ಲಿ ಬೇಯಿಸಿದರು. ಮೇಲೆ ಯೂರಿಯಾದಲ್ಲಿ ಕಲಸಿದರು. ಆ ಪುಡಿಯಲ್ಲಿ ಜೀವ ಎಲ್ಲಿ ಉಳಿಯಬೇಕು? ಕೆಟ್ಟ ಹೆಪ್ಪು ಹಾಕಿ ಮೊಸರಿಗೆ ಕಾದ ಹಾಗಾಯಿತು.

ಮಣ್ಣಿನಲ್ಲಿ ಯಾರಿದ್ದಾರೆ?

ಒಂದು ಹಿಡಿ ಒಳ್ಳೆಯ ಮಣ್ಣು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಕೋಟಿಗಟ್ಟಲೆ ಸಣ್ಣ ಜೀವಿಗಳು ಇರುತ್ತವೆ. ಇವುಗಳಲ್ಲಿ ಬಹಳ ಮುಖ್ಯವಾದವು ಬ್ಯಾಕ್ಟೀರಿಯಾ. ಕೆಲವು ರೋಗ ತರುತ್ತವೆ ನಿಜ. ಆದರೆ ಹೆಚ್ಚಿನವು ನಮಗೆ ತೊಂದರೆ ಕೊಡುವುದಿಲ್ಲ. ಕೆಲವು ಗಿಡಕ್ಕೆ ಅಡುಗೆ ಮಾಡಿ ಬಡಿಸುತ್ತವೆ.

ಗಿಡ ಹಸಿರಾಗಿ ಬೆಳೆಯಲು ಸಾರಜನಕ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ 100 ಪಾಲಿಗೆ 78 ಪಾಲು ಸಾರಜನಕವೇ ಇದೆ. ಆದರೆ ಗಿಡ ಅದನ್ನು ಗಾಳಿಯಿಂದ ನೇರವಾಗಿ ತಿನ್ನಲಾರದು. ಮನೆ ತುಂಬ ಭತ್ತ ಇದ್ದರೂ ಕುಟ್ಟಿ, ಬೇಯಿಸದೆ ಊಟ ಆಗುತ್ತದಾ? ಹಾಗೆಯೇ ಇದು.

ಯೂರಿಯಾ ಕಾರ್ಖಾನೆಯಲ್ಲಿ ಗಾಳಿಯ ಸಾರಜನಕ ಹಿಡಿಯಲು ಬಹಳ ಶಾಖ ಬೇಕು, ಬಹಳ ಒತ್ತಡ ಬೇಕು. ಮಣ್ಣಿನ ಕೆಲವು ಬ್ಯಾಕ್ಟೀರಿಯಾ ಅದೇ ಕೆಲಸವನ್ನು ಬೆಂಕಿ ಇಲ್ಲದೆ ಮಾಡುತ್ತವೆ. ಗಾಳಿಯ ಸಾರಜನಕ ಹಿಡಿದು, ಗಿಡ ತಿನ್ನುವ ಹಾಗೆ ಮಾಡಿ ಕೊಡುತ್ತವೆ.

ಬೇರು ಕಿತ್ತು ನೋಡಿ

ನಂಬಿಕೆ ಬರಲಿಲ್ಲವಾ? ಒಂದು ಕಡಲೆಕಾಯಿ ಗಿಡ ಮೆಲ್ಲಗೆ ಕಿತ್ತು ಬೇರು ತೊಳೆಯಿರಿ. ಬೇರಿಗೆ ಸಣ್ಣ ಸಣ್ಣ ಗಂಟು ಅಂಟಿಕೊಂಡಿರುತ್ತವೆ. ಅವು ಬೇರುಗಂಟು. ಅದೇ ಬ್ಯಾಕ್ಟೀರಿಯಾ ಮನೆ. ಅದರ ಹೆಸರು ರೈಜೋಬಿಯಂ. ಗಿಡ ಅದಕ್ಕೆ ಸಕ್ಕರೆ ಅಂಶ ಕೊಡುತ್ತದೆ. ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಕೊಟ್ಟು ತೆಗೆದುಕೊಳ್ಳುವ ನೆಂಟಸ್ತಿಕೆ.

ಒಂದು ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಗೆ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ನಡೆಯುತ್ತಿಲ್ಲ.

ಒಂದು ಎಚ್ಚರಿಕೆ. ಬೇರಿಗೆ ಸಣ್ಣ ಹುಳು ಬಿದ್ದರೂ ಗಂಟು ಬರುತ್ತದೆ. ಅದು ರೋಗ. ಗುರುತು ಹೇಗೆ? ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಬೆರಳಿಂದ ಉಜ್ಜಿದರೆ ಕಳಚಿ ಬರುತ್ತದೆ. ರೋಗದ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬರುವುದಿಲ್ಲ.

ಈ ನೆಂಟಸ್ತಿಕೆಯನ್ನು 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಜೆರಿಂಕ್ ಎಂಬವರು ಗಂಟಿನ ಒಳಗಿನ ಬ್ಯಾಕ್ಟೀರಿಯಾವನ್ನು ಹೊರತೆಗೆದು ಬೆಳೆಸಿದರು. ನಮ್ಮ ಅಜ್ಜಂದಿರಿಗೆ ಈ ಹೆಸರು ಗೊತ್ತಿರಲಿಲ್ಲ. ಆದರೆ ಜೋಳದ ನಡುವೆ ಅವರೆ, ಹುರುಳಿ ಬಿತ್ತಿದರೆ ನೆಲಕ್ಕೆ ಒಳ್ಳೆಯದು ಅಂತ ಗೊತ್ತಿತ್ತು.

ಮರಗಳಿಗೂ ಈ ಗಂಟು ಇದೆ. ಹೊಂಗೆಗೆ ಇದೆ. ಕರಿಜಾಲಿಗೆ ಇದೆ. ಬೇಲಿಗೆ ನೆಡುವ ಗ್ಲಿರಿಸಿಡಿಯಾಕ್ಕೂ ಇದೆ. ಹಾಗಂತ ಕಾಯಿ ಬಿಡುವ ಎಲ್ಲ ಮರಕ್ಕೂ ಇದೆ ಅಂದುಕೊಳ್ಳಬೇಡಿ. ಹುಣಸೆ ಮರ ಕಾಯಿ ಬಿಡುತ್ತದೆ, ಅದರ ಬೇರಿನಲ್ಲಿ ಈ ಗಂಟು ಇಲ್ಲ.

ಸವುಕ್ಕು ಮರದ ಗುಟ್ಟು

ಸವುಕ್ಕು ಮರ ನಿಮಗೆ ಗೊತ್ತು. ಚಪ್ಪರಕ್ಕೆ, ಸಾರುವೆಗೆ ಅದರ ಕಂಬ ಬೇಕು. ಕಾಗದ ಮಾಡಲೂ ಬೇಕು. ಕರೂರು ಜಿಲ್ಲೆಯಲ್ಲಿರುವ ತಮಿಳುನಾಡು ನ್ಯೂಸ್‌ಪ್ರಿಂಟ್ ಕಾಗದ ಕಾರ್ಖಾನೆ ರೈತರಿಂದ ಈ ಮರ ಕೊಳ್ಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಗಾಳಿ ಮರ, ಸರ್ವೆ ಮರ ಅಂತಾರೆ.

ಇದು ನಮ್ಮ ದೇಶದ ಮರ ಅಲ್ಲ. ಇದರ ತವರು ಆಸ್ಟ್ರೇಲಿಯಾ ಮತ್ತು ಅದರ ಸುತ್ತಿನ ದ್ವೀಪಗಳ ಕಡೆ. ಕರ್ನಾಟಕದ ಕಾರವಾರದ ಕಡಲ ದಂಡೆಯಲ್ಲಿ 1868ರಲ್ಲಿ ಇದನ್ನು ನೆಟ್ಟರು. ಬರೀ ಮರಳು, ಉಪ್ಪು ಗಾಳಿ. ಅಲ್ಲಿ ಬೇರೆ ಮರ ಬದುಕುವುದೇ ಕಷ್ಟ. ಈ ಮರ ಮಾತ್ರ ನೆಟ್ಟಗೆ ಬೆಳೆಯುತ್ತದೆ. ಹೇಗೆ?

ಇದರ ಬೇರಿನಲ್ಲೂ ಗಂಟು ಇದೆ. ಆದರೆ ಇದರಲ್ಲಿರುವುದು ರೈಜೋಬಿಯಂ ಅಲ್ಲ. ಬೇರೆ ಬ್ಯಾಕ್ಟೀರಿಯಾ. ಅದರ ಹೆಸರು ಫ್ರಾಂಕಿಯಾ. ಸವುಕ್ಕಿನ ಗಂಟು ಕಡಲೆ ಗಿಡದ ಗಂಟಿನ ಹಾಗೆ ಒಂಟಿಯಾಗಿ ಇರುವುದಿಲ್ಲ. ಗೊಂಚಲಾಗಿ, ಗಟ್ಟಿಯಾಗಿ ಇರುತ್ತದೆ. ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತದೆ.

ಈ ಫ್ರಾಂಕಿಯಾ ಬಹಳ ನಿಧಾನ. ಪ್ರಯೋಗಾಲಯದಲ್ಲಿ ಬೇಗ ಬೆಳೆಯುವುದಿಲ್ಲ. ಯಾವುದೋ ಒಂದು ಗಿಡದ ಗಂಟಿನಿಂದ ಇದನ್ನು ಬೇರೆ ಮಾಡಿ ಬೆಳೆಸಲು ವಿಜ್ಞಾನಿಗಳಿಗೆ ಮೊದಲು ಸಾಧ್ಯವಾದದ್ದು 1978ರಲ್ಲಿ. ಹಾಗಾಗಿ ಸಸಿತೋಟದಲ್ಲಿ ಒಂದು ಸುಲಭ ದಾರಿ ಇದೆ. ಚೆನ್ನಾಗಿ ಬೆಳೆದ ಸವುಕ್ಕು ತೋಪಿಗೆ ಹೋಗಿ. ಬೇರಿನ ಹಸಿ ಗಂಟು ಸ್ವಲ್ಪ ತೆಗೆದುಕೊಳ್ಳಿ. ತೊಳೆದು, ಜಜ್ಜಿ, ನೀರಿನಲ್ಲಿ ಕಲಸಿ. ಆ ನೀರನ್ನು ಸಸಿಯ ಬುಡಕ್ಕೆ ಹಾಕಿ. ಇದು ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ಆದರೆ ರೋಗ ಬಂದ ತೋಪಿನಿಂದ ತರಬೇಡಿ. ಗಂಟಿನ ಜೊತೆ ರೋಗವೂ ಬರುತ್ತದೆ.

ಸವುಕ್ಕಿನ ಬಗ್ಗೆ ಕೆಲಸ ಮಾಡುವ ದೊಡ್ಡ ಸಂಸ್ಥೆ ನಮ್ಮ ಕೊಯಮತ್ತೂರಿನಲ್ಲೇ ಇದೆ. ಅದು ಅರಣ್ಯ ತಳಿ ಮತ್ತು ಮರ ತಳಿ ಅಭಿವೃದ್ಧಿ ಸಂಸ್ಥೆ. ಕೇಂದ್ರ ಸರ್ಕಾರ ಅದನ್ನು 1988ರಲ್ಲಿ ಆರಂಭಿಸಿತು. ಮೇಟ್ಟುಪಾಳಯದಲ್ಲಿ ಅರಣ್ಯ ಕಾಲೇಜು ಇದೆ. ಅದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಗಂಟಿಲ್ಲದ ಮರಕ್ಕೆ ಏನು ದಾರಿ?

ಬೇವು, ತೇಗ, ತೆಂಗು, ಹೆಬ್ಬೇವು, ಇವುಗಳ ಬೇರಿನಲ್ಲಿ ಇಂಥ ಗಂಟು ಬರುವುದಿಲ್ಲ. ಇವಕ್ಕೆ ಬೇರೆ ನೆಂಟರು ಇದ್ದಾರೆ.

ಒಂದು ಅಜೋಸ್ಪಿರಿಲ್ಲಂ. ಇದು ಗಂಟು ಕಟ್ಟುವುದಿಲ್ಲ. ಬೇರಿನ ಸುತ್ತ ಇದ್ದು ಸ್ವಲ್ಪ ಸಾರಜನಕ ಕೊಡುತ್ತದೆ. ಬೇರು ಚೆನ್ನಾಗಿ ಕವಲೊಡೆಯಲು ಸಹಾಯ ಮಾಡುತ್ತದೆ. ಬೇರು ಹೆಚ್ಚಾದರೆ ಗಿಡ ನೀರು ಕುಡಿಯುವುದೂ ಹೆಚ್ಚು.

ಇನ್ನೊಂದು ಫಾಸ್ಫೋಬ್ಯಾಕ್ಟೀರಿಯಾ. ಗಿಡಕ್ಕೆ ರಂಜಕ ಎಂಬ ಸತ್ವವೂ ಬೇಕು. ನಮ್ಮ ಕಡೆ ಸುಣ್ಣ ಇರುವ ಕರಿಮಣ್ಣು ಬಹಳ. ನಾವು ಹಾಕಿದ ರಂಜಕವನ್ನು ಸುಣ್ಣ ಹಿಡಿದುಕೊಂಡು ಬಿಡುತ್ತದೆ. ಹಣ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಇಲ್ಲ ಅನ್ನುವ ಹಾಗೆ. ಈ ಬ್ಯಾಕ್ಟೀರಿಯಾ ಹುಳಿ ಅಂಶ ಬಿಟ್ಟು ಆ ರಂಜಕವನ್ನು ಕರಗಿಸುತ್ತದೆ. ಬೀಗ ತೆಗೆದು ಗಿಡಕ್ಕೆ ಕೊಡುತ್ತದೆ.

ವ್ಯಾಮ್ ಎಂಬುದು ಇನ್ನೊಂದು. ಇದು ಬ್ಯಾಕ್ಟೀರಿಯಾ ಅಲ್ಲ, ಅಣಬೆ, ಬೂಷ್ಟಿನ ಹಾಗೆ ಒಂದು ಶಿಲೀಂಧ್ರ. ಇದರ ಎಳೆಗಳು ಬೇರು ಮುಟ್ಟದ ಜಾಗಕ್ಕೂ ಹೋಗಿ ಸತ್ವ ತರುತ್ತವೆ.

ಪಾಕೆಟ್ ಓದುವುದು ಹೇಗೆ?

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 200 ಗ್ರಾಂ ಪಾಕೆಟ್. ಒಳಗೆ ಕಪ್ಪು ಪುಡಿ ಇರುತ್ತದೆ. ಅದು ಬಹಳ ಸಲ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲಿನ ಪುಡಿ. ಪುಡಿ ಗೊಬ್ಬರ ಅಲ್ಲ. ಅದು ಬ್ಯಾಕ್ಟೀರಿಯಾ ಕೂರುವ ಗಾಡಿ. ನೀರಾಗಿ ಬಾಟಲಿಯಲ್ಲಿಯೂ ಸಿಗುತ್ತದೆ.

ಕೇಂದ್ರ ಸರ್ಕಾರ 2006ರಲ್ಲಿ ಜೈವಿಕ ಗೊಬ್ಬರವನ್ನು ಗೊಬ್ಬರದ ಕಾನೂನಿನ ಕೆಳಗೆ ತಂದಿತು. ಒಂದು ಗ್ರಾಂ ಪುಡಿಯಲ್ಲಿ ಕಡಿಮೆ ಅಂದರೂ 5 ಕೋಟಿ ಜೀವ ಇರಬೇಕು ಅನ್ನುವುದು ರೈಜೋಬಿಯಂ, ಅಜೋಸ್ಪಿರಿಲ್ಲಂನಂಥ ಪುಡಿಗಳಿಗೆ ಇರುವ ನಿಯಮ. 200 ಗ್ರಾಂಗೆ ಲೆಕ್ಕ ಹಾಕಿ. 1,000 ಕೋಟಿ! ಅಷ್ಟು ಜೀವವನ್ನು ಕೈಯಲ್ಲಿ ಹಿಡಿದು ತರ್ತಾ ಇದ್ದೀರಿ. ಜೋಪಾನ.

ಕೊಳ್ಳುವ ಮೊದಲು ಪಾಕೆಟ್ ಮೇಲೆ ಮೂರು ವಿಷಯ ಓದಿ.

1. ಹೆಸರು. ರೈಜೋಬಿಯಮ್ಮೋ, ಅಜೋಸ್ಪಿರಿಲ್ಲಮ್ಮೋ, ಯಾವುದು?

2. ಯಾವ ಬೆಳೆಗೆ? ಕಡಲೆಕಾಯಿಗೆ ಮಾಡಿದ ರೈಜೋಬಿಯಂ ಎಲ್ಲ ಮರಕ್ಕೂ ಹೊಂದುವುದಿಲ್ಲ.

3. ಅವಧಿ ಮುಗಿಯುವ ದಿನ. ತಮಿಳಿನಲ್ಲಿ 'ಕಾಲಾವದಿ ತೇದಿ' ಅಂತ ಬರೆದಿರುತ್ತಾರೆ. ಇಂಗ್ಲಿಷಿನಲ್ಲಿ 'ಎಕ್ಸ್‌ಪೈರಿ' ಅಂತ ಇರುತ್ತದೆ. ಭಾಷೆ ಬರದಿದ್ದರೂ ಅಂಕಿ ಬರುತ್ತದಲ್ಲ? ಎರಡು ತಾರೀಖು ಇದ್ದರೆ ಮೊದಲಿನದು ತಯಾರಾದದ್ದು, ಆಮೇಲಿನದು ಮುಗಿಯುವುದು. ಇವತ್ತಿನ ತಾರೀಖು ಆ ಎರಡರ ನಡುವೆ ಇರಬೇಕು.

ಅಂಗಡಿಯವರು "ಏನೂ ಆಗಲ್ಲ, ತಗೊಳ್ಳಿ" ಅಂದರೂ ಅವಧಿ ಮುಗಿದದ್ದು ಬೇಡ. ಬಿಲ್ಲು ಕೇಳಿ ತೆಗೆದುಕೊಳ್ಳಿ.

ಬಳಸುವ ರೀತಿ

ಬೀಜಕ್ಕೆ: ಅಕ್ಕಿ ಗಂಜಿ ಮಾಡಿ ಪೂರ್ತಿ ಆರಲು ಬಿಡಿ. ಬಿಸಿ ಗಂಜಿ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆರಿದ ಗಂಜಿಯಲ್ಲಿ ಪುಡಿ ಕಲಸಿ, ಬೀಜಕ್ಕೆ ಸವರಿ. 10 ಕಿಲೋ ಬೀಜಕ್ಕೆ 1 ಪಾಕೆಟ್ ಸಾಕು. ಅರ್ಧ ಗಂಟೆ ನೆರಳಲ್ಲಿ ಒಣಗಿಸಿ. ಅದೇ ದಿನ ಬಿತ್ತಿ.

ಚೀಲದ ಸಸಿಗೆ: ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕಿ. ನಮ್ಮ ಅಕ್ಕಂದಿರಿಗೆ ಹೇಳಿಕೊಟ್ಟ ಅಳತೆ ಒಂದು ಸಸಿಗೆ 10 ಗ್ರಾಂ. ಅಂದರೆ 1 ಪಾಕೆಟ್ 20 ಸಸಿಗೆ ಆಗುತ್ತದೆ. ಮೇಲೆ ಮಣ್ಣು ಮುಚ್ಚಿ ನೀರು ಹಾಕಿ.

ತೆಂಗಿಗೆ: ಪೊಳ್ಳಾಚಿ, ಉಡುಮಲೈ ಕಡೆಯವರು ಇದು ಗಮನಿಸಿ. ಕೃಷಿ ವಿಶ್ವವಿದ್ಯಾಲಯ ಹೇಳುವ ಅಳತೆ ಇದು. ಒಂದು ಮರಕ್ಕೆ ಅಜೋಸ್ಪಿರಿಲ್ಲಂ 50 ಗ್ರಾಂ, ಫಾಸ್ಫೋಬ್ಯಾಕ್ಟೀರಿಯಾ 50 ಗ್ರಾಂ, ವ್ಯಾಮ್ 50 ಗ್ರಾಂ. ಮೂರನ್ನೂ ಕಾಂಪೋಸ್ಟ್ ಇಲ್ಲವೇ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಎಳೆ ಬೇರು ಇರುವ ಕಡೆ ಹಾಕಬೇಕು. 6 ತಿಂಗಳಿಗೆ ಒಂದು ಸಲ ಹಾಕಬೇಕು.

ಎಲ್ಲಕ್ಕೂ ಒಂದೇ ಮಾತು. ಮಣ್ಣು ಹಸಿ ಇರಬೇಕು. ಒಣ ಮಣ್ಣಿಗೆ ಹಾಕಬೇಡಿ. ಬೆಳಗ್ಗೆ ಅಥವಾ ಸಂಜೆ ಹಾಕಿ. ಯೂರಿಯಾ, ಔಷಧಿ ಜೊತೆ ಕಲಸಬೇಡಿ. ಅವನ್ನು ಹಾಕಲೇಬೇಕಾದರೆ ಹದಿನೈದು ದಿನ ಬಿಟ್ಟು ಹಾಕಿ. ಇನ್ನೊಂದು ವಿಷಯ. ಗಂಟು ಕಟ್ಟುವ ಗಿಡಕ್ಕೆ ಯೂರಿಯಾ ಹೆಚ್ಚು ಸುರಿದರೆ ಅದು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಊಟ ಹೊರಗಿಂದ ಬಂದರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು?

ಇದು ಮಂತ್ರ ಅಲ್ಲ

"ಇದು ಹಾಕಿದರೆ ಬೇರೆ ಏನೂ ಬೇಡ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಕ್ಟೀರಿಯಾಕ್ಕೂ ಊಟ ಬೇಕು. ಕೊಟ್ಟಿಗೆ ಗೊಬ್ಬರ, ಎಲೆ, ಕಸ ಮಣ್ಣಿನಲ್ಲಿ ಇದ್ದರೆ ಅವು ಬದುಕುತ್ತವೆ. ಮರದ ಕೆಳಗೆ ಬಿದ್ದ ಎಲೆಗೆ ಬೆಂಕಿ ಹಾಕಬೇಡಿ, ಅಲ್ಲೇ ಕೊಳೆಯಲಿ. ಬ್ಯಾಕ್ಟೀರಿಯಾದಿಂದ ರಾಸಾಯನಿಕ ಗೊಬ್ಬರದ ಖರ್ಚು ಸ್ವಲ್ಪ ಕಡಿಮೆ ಆಗುತ್ತದೆ. ಗಿಡ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ನೀರು ಹಾಕದ ಗಿಡವನ್ನು ಯಾವ ಬ್ಯಾಕ್ಟೀರಿಯಾವೂ ಉಳಿಸಲಾರದು.

ನಮ್ಮ ಅಕ್ಕಂದಿರು ಏನು ಮಾಡಿದರು? ಮುಂದಿನ ವರ್ಷ, 2024ರಲ್ಲಿ, ಮತ್ತೆ ಸಸಿ ಇಟ್ಟರು. ಭಯ ಇತ್ತು. ಹಾಗಾಗಿ ಈ ಸಲ 200 ಸಸಿ ಮಾತ್ರ. ಕವರು ಇಟ್ಟಿದ್ದ ಅಕ್ಕನೇ ಅಂಗಡಿಗೆ ಹೋದರು. ಒಂದೊಂದು ಪಾಕೆಟ್ ತಿರುಗಿಸಿ ತಾರೀಖು ಓದಿ ತೆಗೆದುಕೊಂಡರು. ಮನೆಯ ಒಳಗೆ, ನೀರಿನ ಗಡಿಗೆ ಪಕ್ಕ, ತಂಪಿನಲ್ಲಿ ಇಟ್ಟರು. ಸವುಕ್ಕು ಸಸಿಗೆ ತೋಪಿನಿಂದ ಗಂಟು ತಂದು ಜಜ್ಜಿ ಹಾಕಿದರು. 20 ಸಸಿಗೆ ಮಾತ್ರ ಏನೂ ಹಾಕದೆ ಬಿಟ್ಟರು, ಹೋಲಿಸಿ ನೋಡಲು.

ಮೂರು ತಿಂಗಳಿಗೆ ಸವುಕ್ಕಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಂಡಿತು. ಗಂಟಿನ ನೀರು ಹಾಕಿದವು ಹಸಿರಾಗಿದ್ದವು, ನಾಲ್ಕು ಬೆರಳು ಎತ್ತರ ಇದ್ದವು. ಹೊಂಗೆಯೂ ಚೆನ್ನಾಗಿತ್ತು. ಬೇವಿನಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳ್ತಿದ್ದೀನಿ. ಸಸಿ ಮಾರಾಟ ಆಯಿತು. ಹಳೆಯ ಸಾಲ ಪೂರ್ತಿ ತೀರಲಿಲ್ಲ, ಅರ್ಧ ತೀರಿತು.

ಆ ಹಳೆಯ ಕವರು ಇವತ್ತೂ ಆ ಅಕ್ಕನ ಮನೆಯಲ್ಲಿದೆ. ಈಗಲೂ ಅದರಲ್ಲಿ ಗುಂಡಿ, ಸೂಜಿ ಇಡ್ತಾರೆ. "ಬಿಸಾಕಿ ಅಕ್ಕ" ಅಂದರೆ, "ಇರಲಿ ಟೀಚರ್, ಇದು ನಾನು ಓದಿದ ಮೊದಲ ತಾರೀಖು" ಅಂತಾರೆ.

ನೆನಪಿಡಿ

- ಜೈವಿಕ ಗೊಬ್ಬರಕ್ಕೆ ಜೀವ ಇದೆ.
- ತಾರೀಖು ಓದಿ ಕೊಳ್ಳಿ.
- ನೆರಳಲ್ಲಿ, ತಂಪಲ್ಲಿ ಇಡಿ.
- ಯೂರಿಯಾ, ಔಷಧಿ ಜೊತೆ ಕಲಸಬೇಡಿ.
- ಹಸಿ ಮಣ್ಣಿಗೆ, ಕೊಟ್ಟಿಗೆ ಗೊಬ್ಬರದ ಜೊತೆ ಹಾಕಿ.
- ಕೆಲವು ಗಿಡ ಹಾಕದೆ ಬಿಟ್ಟು, ಹೋಲಿಸಿ ನೋಡಿ.

ಓದಿ, ಬರೆಯಿರಿ

ಬೇರುಗಂಟು – ಸಾರಜನಕ – ರಂಜಕ – ಸಸಿತೋಟ – ಅವಧಿ

ಲೆಕ್ಕ ಮಾಡಿ

1. ಒಂದು ಸಸಿಗೆ 10 ಗ್ರಾಂ ಬೇಕು. 100 ಸಸಿಗೆ 200 ಗ್ರಾಂನ ಎಷ್ಟು ಪಾಕೆಟ್ ಬೇಕು?

2. ಒಂದು ಪಾಕೆಟ್ ಜನವರಿಯಲ್ಲಿ ತಯಾರಾಯಿತು. ಅವಧಿ 6 ತಿಂಗಳು. ಅದನ್ನು ಸೆಪ್ಟೆಂಬರ್‌ನಲ್ಲಿ ಕೊಳ್ಳಬಹುದಾ?

ಮಾತಾಡಿ

ನಿಮ್ಮ ಮನೆಯಲ್ಲಿ ಯಾವ ಯಾವ ವಸ್ತುವಿನ ಮೇಲೆ ತಾರೀಖು ಇದೆ? ನಾಳೆ ತರಗತಿಗೆ ಒಂದನ್ನು ತನ್ನಿ. ಎಲ್ಲರೂ ಸೇರಿ ಓದೋಣ.